ಹೆಲೆನ್‌ಬಾಯಿಯ ಬಾಟಲಿ, ನಮ್ಮ ಆಡಿನ ಚಕ್ಕಾ

ನನ್ನ ಮೊಮ್ಮಗಳು ಸುವರ್ಣಾ ಕಲಬುರಗಿಯ ಒಂದು ದೊಡ್ಡ ಹೋಟೆಲಿನ ಅಡಿಗೆಮನೆಗೆ ಕೆಲಸಕ್ಕೆ ಸೇರಿದ್ದಾಳೆ. ಈ ಸುದ್ದಿಯನ್ನು ಓಣಿಯ ಎಲ್ಲ ಮನೆಗಳಿಗೂ ಹೇಳಿ ಮುಗಿಸಿದ್ದೇನೆ. ಹಾಲಿನವನಿಗಂತೂ ಎರಡು ಸಲ ಹೇಳಿದೆ. "ಅಜ್ಜಾ, ನಿನ್ನೆನೇ ಹೇಳೀರಲ್ರಿ" ಅಂದ. "ಇವತ್ತೂ ಕೇಳಲೇ, ನಿನ್ನ ಹಾಲೇನು ಒಡೀತದೇನು?" ಅಂದೆ. ಇನ್ನು ಹೇಳುವುದಕ್ಕೆ ಮಂದಿ ಉಳಿದಿಲ್ಲ. ಅದಕ್ಕೇ ಬರೆಯಲು ಕುಳಿತೆ.

ನಾನು ಓದಿದ್ದು ಸರಸಂಬಾದ ಶಾಲೆಯಲ್ಲಿ ನಾಲ್ಕನೇ ತರಗತಿ. ಅದೂ ಪೂರ್ತಿ ಆಗಲಿಲ್ಲ. ಆದರೆ ಅಡಿಗೆಮನೆಯಲ್ಲಿ ಮೂವತ್ತು ವರ್ಷದ ಹತ್ತಿರ ಕಳೆದೆ, ಮೊದಲು ಜೇವರ್ಗಿಯ ಸರ್ಕಾರಿ ಬಂಗಲೆಯಲ್ಲಿ, ಆಮೇಲೆ ಅಫಜಲಪುರದಲ್ಲಿ. ಊರೂರು ತಿರುಗುವ ಸಾಹೇಬರು ಬಂದು ಇಳಿದುಕೊಳ್ಳುವ ಬಂಗಲೆಗಳು ಅವು. ಸುವರ್ಣಾ, ನಿನ್ನ ಜೊತೆ ಸೇರಿದ ಹುಡುಗ ಹುಡುಗಿಯರೂ ಇದನ್ನು ಓದಲಿ. ನೀವೆಲ್ಲ ಕಾಲೇಜಿನಲ್ಲಿ ಕಲಿತವರು. ನಾನು ತಪ್ಪು ಮಾಡಿ ಕಲಿತವನು. ನನ್ನ ತಪ್ಪುಗಳನ್ನು ಪುಕ್ಕಟೆ ತೆಗೆದುಕೊಳ್ಳಿ.

ನನ್ನ ಗುರು ದಸ್ತಗೀರ ಚಾಚಾ. ಜೇವರ್ಗಿ ಬಂಗಲೆಯ ಖಾನಸಾಮಾ, ಅಂದರೆ ಅಡಿಗೆಯವನು. ಅವನು ಕೋಳಿ, ಮೀನು ಮಾಡುತ್ತಿದ್ದ. ನಾನು ಲಿಂಗ ಕಟ್ಟಿದವನು, ರೊಟ್ಟಿ ಪಲ್ಯದ ಕಡೆ ನಿಲ್ಲುತ್ತಿದ್ದೆ. ಎರಡು ಒಲೆ, ನಡುವೆ ಒಂದು ಮೊಣಕಾಲೆತ್ತರದ ಗೋಡೆ. ಗೋಡೆ ಇದ್ದದ್ದು ಒಲೆಗೆ, ನಮ್ಮ ಮಾತಿಗಲ್ಲ.

ಸೇರಿದ ಹೊಸತರಲ್ಲಿ ಒಬ್ಬ ಸಾಹೇಬರು ನನ್ನ ಉಪ್ಪಿಟ್ಟು ತಿಂದು, "ಬಹಳ ಚಲೋ ಆಗ್ಯಾದ" ಅಂದು ಹೋದರು. ನಾನು ಉಬ್ಬಿ ಹೋಗಿದ್ದೆ. ಚಾಚಾ ಅವರ ತಾಟು ತಂದು ನನ್ನ ಮುಂದಿಟ್ಟು, ಮಗುಚಿಟ್ಟಿದ್ದ ಬಟ್ಟಲು ಎತ್ತಿದ. ಕೆಳಗೆ ಉಪ್ಪಿಟ್ಟು ಹಾಗೇ ಕುಳಿತಿತ್ತು.

"ನೋಡು ಬೇಟಾ. ಸಾಹೇಬರ ಬಾಯಿ ಶರೀಫ್ ಇರ್ತದ, ಮರ್ಯಾದಿ ಬಿಡಂಗಿಲ್ಲ. ತಾಟು ಶರೀಫ್ ಇರಂಗಿಲ್ಲ. ನೀ ಬಾಯಿ ಕೇಳಬ್ಯಾಡ, ತಾಟು ಕೇಳು."

ಅಂದಿನಿಂದ ತಿರುಗಿ ಬಂದ ತಾಟನ್ನು ನೋಡದೆ ನಾನು ತೊಳೆಯಲು ಹಾಕಿದ್ದೇ ಇಲ್ಲ. ಆದರೆ ತಾಟೂ ಒಮ್ಮೆ ಮೋಸ ಮಾಡಿತು. ಅಫಜಲಪುರಕ್ಕೆ ಬಂದ ಮೇಲೆ ಒಂದು ದಿನ ಬೇಳೆಗೆ ನಾನೂ ಉಪ್ಪು ಹಾಕಿದೆ, ನನ್ನ ಹೆಂಡತಿ ಕಾಶಮ್ಮನೂ ಹಾಕಿದಳು. ಉಣ್ಣಲು ಕುಳಿತ ಸಾಹೇಬರು ಬಹಳ ಸಂಭಾವಿತರು, ಒಂದು ಮಾತಾಡದೆ ತಾಟು ಖಾಲಿ ಮಾಡಿ ಎದ್ದರು. ನಾನು ಖುಷಿಯಾಗಿ ನೀರು ಕುಡಿಯಲು ಹೋದರೆ ಊಟದ ಮನೆಯ ಹರವಿಯಲ್ಲಿ ತಳಕ್ಕಷ್ಟೇ ನೀರು! ಬೆಳಗ್ಗೆ ಕಂಠದವರೆಗೆ ತುಂಬಿದ ಮಣ್ಣಿನ ಹರವಿ ಅದು. ಅಂದಿನಿಂದ ತಾಟಿನ ಜೊತೆಗೆ ಹರವಿಯನ್ನೂ ನೋಡುವ ರೂಢಿಯಾಯಿತು.

ಈಗ ಆ ಫ್ರಾನ್ಸಿನ ಬಾಯಿಯ ಕಥೆಗೆ ಬರುತ್ತೇನೆ. ಸುವರ್ಣಾ ಇದನ್ನು ಎಷ್ಟು ಸಲ ಕೇಳಿದ್ದಾಳೋ! ಆದರೂ ಬರೆದಿಡು ಅಜ್ಜಾ ಅಂತ ಅವಳದೇ ಹಟ.

ಎಂಬತ್ತರ ದಶಕದ ಮೊದಲ ವರ್ಷಗಳು. ಹಿಂಗಾರಿ ಜೋಳ ಹಾಲುಗಾಳು ಹಿಡಿಯುವ ಹೊತ್ತು. ಜೋಳದ ತಳಿ ನೋಡಲು ಫ್ರಾನ್ಸ್ ದೇಶದಿಂದ ಒಬ್ಬ ಹೆಣ್ಣುಮಗಳು ಬಂದಳು, ಹೆಲೆನ್ ಅಂತ. ನಮ್ಮ ಬಾಯಲ್ಲಿ ಅವಳು ಹೆಲೆನ್‌ಬಾಯಿ ಆದಳು. ಮೂರು ವಾರ ನಮ್ಮ ಅಫಜಲಪುರದ ಬಂಗಲೆಯಲ್ಲಿ ಬಿಡಾರ. ಜೊತೆಗೆ ನರೋಣಾದ ಶಿವಶರಣಪ್ಪ, ಕೃಷಿ ಇಲಾಖೆಯ ನೌಕರ. ಅವಳ ಇಂಗ್ಲಿಷನ್ನು ನಮಗೆ ಕನ್ನಡ ಮಾಡಿ ಹೇಳುವುದು ಅವನ ಕೆಲಸ.

ಜೀಪಿನಿಂದ ಒಂದು ಕಟ್ಟಿಗೆಯ ಪೆಟ್ಟಿಗೆ ಇಳಿಯಿತು. ಒಳಗೆ ಹುಲ್ಲು, ಹುಲ್ಲಿನಲ್ಲಿ ನಾಲ್ಕು ಬಾಟಲಿ. ಜೇವರ್ಗಿ ರಸ್ತೆಯ ಕುಣಿಗೆ ಒಂದು ಒಡೆದು ಹೋಗಿತ್ತು. ಹುಲ್ಲೆಲ್ಲ ತೊಯ್ದಿತ್ತು. ಅದನ್ನು ಬದಿಗೆ ಹಾಕುವಾಗ ವಾಸನೆ ಮೂಗಿಗೆ ಬಡಿಯಿತು. ನಾನು ಶಿಂದಿಯ ವಾಸನೆ ಬಲ್ಲೆ, ಅದು ಹಾದಿಯಲ್ಲೇ ಸಿಗುತ್ತದೆ. ಇದು ಆ ವಾಸನೆ ಅಲ್ಲ. ನಿಂಬೆಯ ಸಿಪ್ಪೆ ಚಿವುಟಿದ ಹಾಗೆ, ಬಿಸಿಲಿಗೆ ಕಾದ ಪರಶಿ ಕಲ್ಲಿನ ಮೇಲೆ ಮೊದಲ ಮಳೆ ಹನಿ ಬಿದ್ದ ಹಾಗೆ.

"ಇದೇನ್ರಿ ಶಿವಶರಣಪ್ಪ?" ಅಂದೆ.

"ವೈನು. ಬಿಳಿ ದ್ರಾಕ್ಷಿದು. ಸಿಹಿ ಇರಂಗಿಲ್ಲ. ಸಾನ್ಸೇರ್ ಅಂತ ಅವರೂರು, ಊರ ಹೆಸರೇ ಇದಕ್ಕೂ. ಅವರಪ್ಪನ ತೋಟದ್ದಂತ."

ಬಂಗಲೆಯ ಉಸ್ತುವಾರಿ ಒಬ್ಬ ಇಂಜಿನಿಯರ್ ಸಾಹೇಬರದು. ಮೈಸೂರು ಕಡೆಯವರು, ಹೆಸರು ಬೇಡ. ಅವರಿಗೆ ಇಷ್ಟು ದೂರದ ಅತಿಥಿ ಬಂದದ್ದೇ ಒಂದು ಹಬ್ಬ. "ನೋಡಯ್ಯ ಗುರುಪಾದಪ್ಪ, ಭಾನುವಾರ ಮಧ್ಯಾಹ್ನದ ಊಟಕ್ಕೆ ಆಕೆ ಬಾಟಲಿ ತೆಗೀತಾರಂತೆ. ನನ್ನನ್ನೂ ಕರೆದಿದ್ದಾರೆ. ಮಾನ ಕಳೀಬೇಡ" ಅಂದರು.

ನಮ್ಮ ಕಡೆ ಕುಡಿಯುವವರ ಪದ್ಧತಿ ನನಗೆ ಗೊತ್ತು. ಶಿಂದಿ ಇರಲಿ, ದಾರೂ ಇರಲಿ, ಪಕ್ಕದಲ್ಲಿ ಖಾರ ಬೇಕು. ಕಣ್ಣಲ್ಲಿ ನೀರು ಬರುವಂಥ ಖಾರ. ಕುಡಿಯುವುದು ಕುಡಿಯುವುದೇ ಅಲ್ಲವೇ, ಭೀಮಾ ದಂಡೆಯಾದರೇನು, ಫ್ರಾನ್ಸ್ ಆದರೇನು? ಹೀಗೆ ತಿಳಿದು ಮಿರ್ಚಿ ಭಜಿ ಕರಿದೆ, ಬದನೆಕಾಯಿ ಎಣ್ಣೆಗಾಯಿಗೆ ಖಾರ ತುಂಬಿದೆ, ಕೆಂಪು ಮೆಣಸಿನಕಾಯಿ ಚಟ್ನಿ ಅರೆದೆ. ತಾಟಿನ ಅಂಚಿಗೆ ವಾಡಿಕೆಯಂತೆ ಸವತೆಕಾಯಿ, ಮೆಂತ್ಯದ ಹಸಿ ಸೊಪ್ಪು, ಒಂದು ಬಟ್ಟಲು ಮೊಸರು.

ಸಾಹೇಬರು ಭಜಿ ಕಡಿದು, ಸ್ಟೀಲಿನ ಲೋಟದಲ್ಲಿ ವೈನು ಹಾಕಿಸಿಕೊಂಡು, ಮಜ್ಜಿಗೆ ಕುಡಿದ ಹಾಗೆ ಒಂದೇ ಗುಟುಕಿಗೆ ಎತ್ತಿದರು. "ಇದೇನು ನಿಂಬೆ ಪಾನಕ ಇದ್ದಂಗಿದೆ!" ಹೆಲೆನ್‌ಬಾಯಿ ಎಣ್ಣೆಗಾಯಿಯ ಒಂದು ತುತ್ತು ಬಾಯಿಗಿಟ್ಟಳು. ಮುಖ ಕೆಂಪಾಯಿತು. ವೈನು ಕುಡಿದಳು, ಉರಿ ಇನ್ನೂ ಏರಿತು. ಆಮೇಲೆ ನೀರು, ನೀರು, ನೀರು. ನಕ್ಕು "ವೆರಿ ಗುಡ್" ಅಂದಳು. ಬಾಯಿ ಶರೀಫ್! ಹರವಿ ಅರ್ಧ ಇಳಿದಿತ್ತು. ತಾಟು ತುಂಬಿಕೊಂಡೇ ಬಂತು.

ಸಾಹೇಬರು ಅಡಿಗೆಮನೆಯ ಬಾಗಿಲಿಗೆ ಬಂದರು. "ಕಣ್ಣಲ್ಲಿ ನೀರು ಬರಿಸಿಬಿಟ್ಟೆಯಲ್ಲಯ್ಯ. ಮೀನು ಮಾಡೋಕೆ ಬರಲ್ಲ, ಕೋಳಿ ಮುಟ್ಟಲ್ಲ, ಇದನ್ನಾದರೂ ನೆಟ್ಟಗೆ ಮಾಡಬಾರದಾ? ಇನ್ನು ಸುಧಾರಿಸದಿದ್ದರೆ ಗುಲ್ಬರ್ಗಾದಿಂದ ಒಬ್ಬ ಖಾನಸಾಮಾನ್ನ ಕರೆಸ್ತೀನಿ. ನೀನು ಗೇಟ್ ಕಾಯುವಿಯಂತೆ."

ಗೇಟ್ ಕಾಯುವುದು ಕೀಳಲ್ಲ, ಅದೂ ಕಾಯಕವೇ. ಆದರೆ ನನ್ನ ಕೈಗೆ ಗೊತ್ತಿದ್ದದ್ದು ಸೌಟು. ಬೇರೊಬ್ಬ ನನ್ನ ಒಲೆಯ ಮುಂದೆ ನಿಂತು, ನಾನು ಹೊರಗೆ ಸಲಾಮು ಹೊಡೆಯುತ್ತ ಒಳಗಿನ ಒಗ್ಗರಣೆಯ ವಾಸನೆ ಕುಡಿಯುವುದು ನನ್ನಿಂದ ಆಗುವ ಮಾತಲ್ಲ.

ಎರಡನೇ ಭಾನುವಾರ ನಾನು ಪೂರ್ತಿ ಆಚೆ ದಂಡೆಗೆ ಜಿಗಿದೆ. ಖಾರ ಬೇಡವೇ? ಸರಿ, ಸಿಹಿ! ಕಾಶಮ್ಮ ಎಲೆಯಂಥ ತೆಳ್ಳಗಿನ ಹೋಳಿಗೆ ಮಾಡಿದಳು, ಮೇಲೆ ತುಪ್ಪ, ಪಕ್ಕದಲ್ಲಿ ಬೆಲ್ಲದ ಹಾಲು. ಈ ಸಲ ತಾಟು ಕನ್ನಡಿಯಂತೆ ಬಂತು. ನಾನು ಕುಣಿಯುವುದೊಂದು ಬಾಕಿ. ಆಗ ಶಿವಶರಣಪ್ಪ ಒಂದು ಗ್ಲಾಸು ತಂದು ಮೋರಿಯ ಹತ್ತಿರ ಇಟ್ಟ. ವೈನು ಅಂಚಿನವರೆಗೆ ಹಾಗೇ ಇತ್ತು.

"ಇದ್ಯಾಕ ಕುಡಿದಿಲ್ಲ?"

"ಹೋಳಿಗಿ ತಿಂದ ಬಾಯಿಗೆ ಇದು ಬರೇ ಹುಣಸಿಹಣ್ಣಿನ ನೀರು ಆಗ್ತದಂತ. ಆಕಿ ಗ್ಲಾಸು ಸರಿಸಿದಳು. ಅವರಪ್ಪಗ ವಯಸ್ಸಾಗ್ಯದ, ಕೈಯಿಂದ ಬಿಡಿಸಿ ಮಾಡಿದ್ದು ಅಂತ ಜೀಪಿನ್ಯಾಗ ಹೇಳ್ತಿದ್ದಳು. ಇನ್ನ ಒಂದೇ ಬಾಟ್ಲಿ ಅದ. ಮುಂದಿನ ಐತವಾರ ತೆಗೀತಾಳ, ಸೋಮವಾರ ಊರಿಗೆ ಹೊಂಡ್ತಾಳ."

ಆ ಮಾತು ನನ್ನ ಎದೆಗೆ ನಾಟಿತು. ಒಬ್ಬ ಮುದುಕನ ಶ್ರಮವನ್ನು ನಾನು ಎರಡು ಸಲ ಮೋರಿಗೆ ಚೆಲ್ಲಿದ್ದೆ. ಸಾಹೇಬರ ಮಾತಿನ ಹೆದರಿಕೆ ಒಂದು ಕಡೆ, ಈ ಸಂಕಟ ಇನ್ನೊಂದು ಕಡೆ. ಉಳಿದದ್ದು ಒಂದೇ ಬಾಟಲಿ, ಒಂದೇ ಊಟ. ನಾನಂತೂ ಅದನ್ನು ನಾಲಿಗೆಗೆ ಮುಟ್ಟಿಸುವವನಲ್ಲ. ರುಚಿ ನೋಡದ ವಸ್ತುವಿಗೆ ಜೋಡಿ ಹುಡುಕುವುದು ಹೇಗೆ?

ಚಾಚಾನ ತಾಟು ನೆನಪಾಯಿತು. ಮೊದಲ ಭಾನುವಾರದ ತಾಟನ್ನು ಕಣ್ಣ ಮುಂದೆ ತಂದುಕೊಂಡೆ. ಭಜಿ ಇತ್ತು, ಎಣ್ಣೆಗಾಯಿ ಇತ್ತು, ಚಟ್ನಿ ಇತ್ತು. ಏನಿರಲಿಲ್ಲ? ಸವತೆಕಾಯಿ ಇರಲಿಲ್ಲ. ಹಸಿ ಸೊಪ್ಪು ಇರಲಿಲ್ಲ. ಮೊಸರಿನ ಬಟ್ಟಲು ಒರೆಸಿದ ಹಾಗಿತ್ತು! ತುಂಬಿದ್ದನ್ನು ನೋಡಿ ಅತ್ತವನು ನಾನು, ಖಾಲಿಯಾದದ್ದನ್ನು ನೋಡಿರಲೇ ಇಲ್ಲ.

ಆದರೂ ಕೇಳಿ ತಿಳಿಯುವುದು ಒಳ್ಳೆಯದು ಅನ್ನಿಸಿತು. ಚಾಚಾ ಎಂದೂ ಯಾರನ್ನೂ ಕೇಳಿದವನಲ್ಲ, ಅತಿಥಿಯನ್ನು ಕೇಳಿದರೆ ಖಾನಸಾಮಾನ ಹೆಸರು ಕೆಡುತ್ತದೆ ಅನ್ನುತ್ತಿದ್ದ. ಇದೊಂದು ವಿಷಯದಲ್ಲಿ ನಾನು ಗುರುವಿನ ಮಾತು ಮೀರಿದೆ. ಮಾರನೇ ದಿನ ಬೆಳಗ್ಗೆ ಹೆಲೆನ್‌ಬಾಯಿಗೆ ಚಹಾ ಕೊಟ್ಟು, ಶಿವಶರಣಪ್ಪನ ಕಡೆಯಿಂದ ಕೇಳಿಸಿದೆ: "ಇದರ ಜೋಡಿ ನಿಮ್ಮ ಅವ್ವ ಏನು ಇಡ್ತಾರ?"

ಅವಳು ಎದ್ದು ನನ್ನ ತೋಳು ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲಿ ಕಾಶಮ್ಮನ ಎರಡು ಆಡು ಕಟ್ಟಿದ್ದವು. ಅವುಗಳ ಕಿವಿ ಸವರಿ ನಕ್ಕಳು. ಶಿವಶರಣಪ್ಪ ಬಿಡಿಸಿ ಹೇಳಿದ: ಅವರೂರಿನಲ್ಲಿ ಆಡಿನ ಹಾಲಿಗೆ ಹೆಪ್ಪು ಹಾಕಿ, ನೀರು ಇಳಿಸಿ, ಗಟ್ಟಿ ಮಾಡಿ, ಉಪ್ಪು ಹಚ್ಚುತ್ತಾರೆ. ಆ ವೈನಿಗೆ ಅದೇ ಜೋಡಿ. ಮೀನೂ ನಡೆಯುತ್ತದೆ, ಆದರೆ ಮನೆಯಲ್ಲಿ ಅವ್ವ ಇಡುವುದು ಇದನ್ನೇ.

ಕಾಶಮ್ಮನಿಗೆ ಹೇಳಿದೆ. ಆಕೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಕೊರಳಾಗ ಲಿಂಗ, ಕೈಯಾಗ ದಾರೂ ಬಾಟ್ಲಿ. ಅದಕ್ಕ ನನ್ನ ಆಡಿನ ಹಾಲು ಬ್ಯಾರೆ! ಕೆಮ್ಮು ಬಂದ ಕೂಸಿಗೆ ಕುಡಸೂ ಹಾಲು ಪರದೇಶದ ಬಾಯಿಗೆ ಇಡ್ತೀರಿ? ಮಂದಿ ನಗೂದಿಲ್ಲೇನು?"

"ಮಂದಿ ನಗಲಿ ಬಿಡ ಕಾಶೀ. ಅಲ್ಲೊಬ್ಬ ಮುದುಕ ದ್ರಾಕ್ಷಿ ಬಿಡಿಸ್ಯಾನ, ಇಲ್ಲೊಬ್ಬಾಕಿ ಆಡು ಸಾಕ್ಯಾಳ. ಎರಡೂ ಕೂಡಲಿ ಅಂತ ಅಷ್ಟೇ. ನಾ ಹನಿ ಮುಟ್ಟಿದರ ಕೇಳು."

ಆಕೆ ಹೋಗಿ ಒಂದು ಆಡಿನ ಕೆಚ್ಚಲು ಮುಟ್ಟಿ ನೋಡಿದಳು. "ಶ್ರೀಖಂಡಕ್ಕ ಚಕ್ಕಾ ಕಟ್ತೇವಲ್ಲ, ಅದೇ ಆತಲ್ರಿ. ಸಕ್ರಿ ಬಿಟ್ಟು ಉಪ್ಪು" ಅಂದಳು. ನಾನು ಇಪ್ಪತ್ತು ಹೆಜ್ಜೆ ಸುತ್ತಿ ಹೋಗುವಲ್ಲಿಗೆ ಆಕೆ ಎರಡೇ ಹೆಜ್ಜೆಗೆ ಮುಟ್ಟಿದ್ದಳು.

ಮೊಸರು ಮಾಡಿ, ತೊಳೆದ ಧೋತರದ ಬಟ್ಟೆಯಲ್ಲಿ ಕಟ್ಟಿ ತೊಲೆಗೆ ತೂಗಿಬಿಟ್ಟೆವು. ನೀರೆಲ್ಲ ಸೋರಿ ಬೆಣ್ಣೆಯಂಥ ಚಕ್ಕಾ ಆಯಿತು. ಮೂಗಿನ ಹತ್ತಿರ ತಂದರೆ, ಅಯ್ಯೋ! ಹೋತದ ನಾತ! ಊಟದ ಮನೆಗೆ ಒಯ್ದರೆ ಬಂಗಲೆಯೇ ಖಾಲಿಯಾಗುವಂಥದ್ದು. ನನ್ನ ಧೈರ್ಯ ಕುಸಿಯಿತು.

ಕಾಶಮ್ಮ ಮಾತ್ರ ನಕ್ಕಳು. "ಹಾಲಿಂದೇನೂ ತಪ್ಪಿಲ್ಲ. ನಿಮ್ಮ ತಮ್ಮ ನಿನ್ನೆ ಊರಿಂದ ಒಂದು ಹೋತ ತಂದು ಆಡಿನ ಮಗ್ಗುಲಿಗೇ ಕಟ್ಯಾನ. ಅದರ ನಾತ ಹಾಲಿಗೆ ಹಿಡೀತದ. ಅದನ್ನ ದೂರ ಕಟ್ರಿ, ಕೆಚ್ಚಲು ಬಿಸಿನೀರಿಲೆ ತೊಳದು ಹಿಂಡ್ತೇನಿ. ಆಮ್ಯಾಗ ನೋಡ್ರಿ."

ಬಂಗಲೆಯಲ್ಲಿ ದೂರ ಅಂದರೆ ಗೇಟು. ಹೋತವನ್ನು ಗೇಟಿನ ಕಂಬಕ್ಕೆ ಕಟ್ಟಿದೆ. ಎರಡು ದಿನ ಬಿಟ್ಟು ಮಾಡಿದ ಚಕ್ಕಾ ಮೂಗಿಗೆ ಹಿಡಿದೆ. ಬರೀ ಹಾಲಿನ ಕಂಪು, ಹಿಂದೆ ತೆಳ್ಳಗೆ ಹುಳಿ. ಮೊದಲ ದಿನದ ಆ ತೊಯ್ದ ಹುಲ್ಲಿನ ವಾಸನೆ ನೆನಪಿಸಿಕೊಂಡೆ. ನಿಂಬೆ, ಮಳೆ ಬಿದ್ದ ಕಲ್ಲು. ಮನಸ್ಸಿನಲ್ಲೇ ಎರಡನ್ನೂ ಪಕ್ಕ ಪಕ್ಕ ಇಟ್ಟೆ. ಜಗಳ ಆಡಲಿಲ್ಲ.

ಭಾನುವಾರ ಬಂತು. ಬಂಗಲೆಯಲ್ಲಿ ಫ್ರಿಜ್ ಎಲ್ಲಿಯದು? ಮುಂಜಾನೆಯೇ ಬೇವಿನ ನೆರಳಿನಲ್ಲಿ ಮರಳು ಹಾಕಿ, ನೀರು ಚಿಮುಕಿಸಿ, ಬಾಟಲಿಯನ್ನು ಕುತ್ತಿಗೆವರೆಗೆ ಹುಗಿದು, ಮೇಲೆ ಹಸಿ ಗೋಣಿತಟ್ಟು ಹೊದಿಸಿದೆ. ನೀರಿನ ಹರವಿಯನ್ನು ತಂಪು ಮಾಡುವ ರೀತಿ ಅದು, ಬಾಟಲಿಗೂ ಸಾಕಾಯಿತು. ತಾಟಿನ ನಡುವೆ ಉಪ್ಪು ಬೆರೆಸಿದ ಚಕ್ಕಾ. ಸುತ್ತ ಎಳ್ಳು ಹಚ್ಚಿ ಒಣಗಿಸಿದ ಕಟಕ ರೊಟ್ಟಿ, ಸವತೆಕಾಯಿ, ಹೊಲದಲ್ಲಿ ತಾನೇ ಹುಟ್ಟುವ ಹಕ್ಕರಿಕೆ ಸೊಪ್ಪು, ಉಳ್ಳಾಗಡ್ಡಿಯ ಎಳೆ ತಪ್ಪಲು, ಉಪ್ಪು ಹಾಕಿ ಕುದಿಸಿದ ಹಸಿ ಕಡಲೆ. ಕೊನೆಗೆ ಒಂದು ಹಿಡಿ ಸೀತನಿ, ಅಂದರೆ ಕೆಂಡದಲ್ಲಿ ಸುಟ್ಟು ಉದುರಿಸಿದ ಎಳೆ ಜೋಳ. ಕೆಂಪು ಖಾರ ಇಲ್ಲ. ಬೆಲ್ಲ ಇಲ್ಲ. ಒಗ್ಗರಣೆಯೂ ಇಲ್ಲ.

ಸಾಹೇಬರ ಜೀಪು ಬಂತು. ಗೇಟಿನಲ್ಲಿ ಹೋತ ಅಡ್ಡ ನಿಂತು ಕೊಂಬು ತೋರಿಸಿತು. ಹಾರ್ನ್ ಹಾಕಿದರೂ ಜಗ್ಗಲಿಲ್ಲ. ಸಾಹೇಬರು ಇಳಿದು ಬದಿಯಿಂದ ನುಸುಳಿಕೊಂಡು ಬಂದರು. ಆ ಸಿಟ್ಟಿನಲ್ಲೇ ಊಟದ ಮೇಜು ನೋಡಿದರು.

"ಏನಯ್ಯ ಇದು? ಪೂರಿ ಇಲ್ಲ, ಪಾಯಸ ಇಲ್ಲ, ಒಂದು ಪಲ್ಯ ಇಲ್ಲ! ಕುರಿ ಕಾಯೋರ ಬುತ್ತಿ ಬಿಚ್ಚಿಟ್ಟಿದ್ದೀಯಲ್ಲ! ನಾಳೆಯೇ ಗುಲ್ಬರ್ಗಾಕ್ಕೆ ಕಾಗದ ಹಾಕ್ತೀನಿ."

ಅಷ್ಟರಲ್ಲಿ ಹೆಲೆನ್‌ಬಾಯಿ ಬಂದು ಕುಳಿತಳು, ಸಾಹೇಬರು ಏನಂದರು ಅಂತ ಶಿವಶರಣಪ್ಪನಿಂದ ಇಂಗ್ಲಿಷಿನಲ್ಲಿ ಕೇಳಿ ತಿಳಿದಳು. ರೊಟ್ಟಿ ಮುರಿದಳು, ಕಟಕ್ ಅಂದಿತು. ಚಕ್ಕಾ ಹಚ್ಚಿ ಬಾಯಿಗಿಟ್ಟಳು. ಒಂದು ಗುಟುಕು ವೈನು. ಆಮೇಲೆ ಗ್ಲಾಸು ಕೆಳಗಿಟ್ಟು ಕಿಟಕಿಯ ಕಡೆ ಮುಖ ತಿರುಗಿಸಿದಳು. ಬಾಗಿಲ ಹಿಂದೆ ನಿಂತ ಕಾಶಮ್ಮನ ಬಳೆಯ ಸದ್ದು ಕೇಳಿತು. "ಕೆಟ್ಟಿತು ಕೆಲಸ" ಅಂದುಕೊಂಡೆ.

ಅವಳು ಕಣ್ಣು ಒರೆಸಿಕೊಂಡು ಶಿವಶರಣಪ್ಪನಿಗೆ ಏನೋ ಹೇಳಿದಳು. ಅವನ ದನಿಯೂ ಸಣ್ಣದಾಯಿತು. "ಅವರಪ್ಪ ದ್ರಾಕ್ಷಿ ಬಿಡಿಸೂ ಹೊತ್ತಿನ್ಯಾಗ, ಹೊಲದ ಕಟ್ಟಿ ಮ್ಯಾಲ ಕುಂತು ಹಿಂಗೇ ಉಣ್ತಾನಂತ್ರಿ. ಇದು ಕುರಿ ಕಾಯೋರ ಊಟ ಅಂತ ಸಾಹೇಬರು ಅಂದರಲ್ಲ, ಖರೇ ಅದ ಅಂತ, ಅಲ್ಲೂ ಅವರದೇ ಊಟ ಅಂತ."

ಆಮೇಲೆ ಯಾರೂ ಹೇಳಬೇಕಾಗಲಿಲ್ಲ. ಸೀತನಿಗೆ ಕೈ, ಕಡಲೆಗೆ ಕೈ, ಗ್ಲಾಸಿಗೆ ಕೈ. ಸಾಹೇಬರೂ ಮೊದಲು ಸಂಶಯದಿಂದ ಒಂದು ಚೂರು, ಆಮೇಲೆ ಎರಡು ರೊಟ್ಟಿ. ಈ ಸಲ ಗುಟುಕು ಗುಟುಕಾಗಿ ಕುಡಿದರು. ಚಕ್ಕಾ ಎರಡನೇ ಸಲ ಬಡಿಸಿದೆ, ಮೂರನೇ ಸಲಕ್ಕೆ ಉಳಿದಿರಲಿಲ್ಲ. ತಾಟು ಖಾಲಿ. ಗ್ಲಾಸು ಖಾಲಿ. ಓಡಿ ಹೋಗಿ ಹರವಿ ನೋಡಿದೆ. ಕಂಠದವರೆಗೆ ತುಂಬಿಕೊಂಡು ತಂಪಾಗಿ ಕುಳಿತಿತ್ತು!

ಹೊರಡುವಾಗ ಸಾಹೇಬರು ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಅವರ ಬಾಯಲ್ಲಿ ಹೊಗಳಿಕೆ ಸುಲಭಕ್ಕೆ ಬರುತ್ತಿರಲಿಲ್ಲ. ಗೇಟಿನ ಕಡೆ ನೋಡಿದರು. "ಗುರುಪಾದಪ್ಪ, ಗೇಟಿಗೆ ಆ ಹೋತಾನೇ ಇರಲಿ ಕಣಯ್ಯ. ನಿನಗಿಂತ ಚೆನ್ನಾಗಿ ಕಾಯುತ್ತೆ" ಅಂದರು.

ಒಲೆ ನನ್ನ ಪಾಲಿಗೆ ಉಳಿಯಿತು. ಮುಂದೆ ಕಟ್ಟಿಗೆಯ ಒಲೆ ಹೋಗಿ ಸೀಮೆಎಣ್ಣೆಯ ಸ್ಟವ್ ಬಂತು, ಅದು ಹೋಗಿ ಗ್ಯಾಸ್ ಬಂತು. ರೊಟ್ಟಿ ಗ್ಯಾಸಿಗೆ ಹೊಂದಿಕೊಳ್ಳಲು ಒಂದು ವರ್ಷ ಹಿಡಿಯಿತು, ನಾನು ಹೊಂದಿಕೊಳ್ಳಲು ಎರಡು. ಜೇವರ್ಗಿಗೆ ಹೋದಾಗ ದಸ್ತಗೀರ ಚಾಚಾನಿಗೆ ಇದೆಲ್ಲ ಹೇಳಿದೆ. ಕೇಳಿ ತಿಳಿದೆ ಅಂದದ್ದಕ್ಕೆ ಹುಬ್ಬು ಏರಿಸಿದ. ಆಮೇಲೆ ತಾನೇ ಕೇಳಿದ: "ಭೀಮಾದ ಮೀನು, ಬರೇ ಅರಿಷಿಣ, ಉಪ್ಪು, ನಿಂಬಿ. ಮಸಾಲಿ ಇಲ್ಲ. ಅದು ಕೂಡ್ತಿತ್ತೇನು ಆ ವೈನಿಗೆ?" ಕೂಡುತ್ತಿತ್ತು ಚಾಚಾ, ಖಂಡಿತ ಕೂಡುತ್ತಿತ್ತು ಅಂದೆ. ಇಬ್ಬರೂ ಮುಟ್ಟದ ವಸ್ತುವಿನ ಬಗ್ಗೆ ಅರ್ಧ ದಿನ ಚರ್ಚೆ ಮಾಡಿದೆವು. ಅಂಥ ಸುಖ ಇನ್ನೊಂದಿಲ್ಲ.

ಹೊಸಬರಿಗೆ ನನ್ನ ಬುದ್ಧಿಮಾತು ಇಷ್ಟೇ. ಆ ತರಹದ ಸಿಹಿ ಇಲ್ಲದ ಬಿಳಿ ವೈನು ಬಂದರೆ ಕೆಂಪು ಖಾರ ದೂರ ಇಡಿ, ಬೆಲ್ಲ ಸಕ್ಕರೆ ಇನ್ನೂ ದೂರ. ಹಾಲಿನದು, ಹಸಿರಿನದು, ಉಪ್ಪಿನದು ಹತ್ತಿರ ತನ್ನಿ. ಮತ್ತೆ, ಎಲ್ಲಕ್ಕಿಂತ ದೂರ ಹೋತ!

ಹೋಟೆಲಿನವರು ಸುವರ್ಣಾಳನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಹಲವು ಪ್ರಶ್ನೆ ಕೇಳಿದರಂತೆ. ಬಿಳಿ ವೈನಿನ ಜೊತೆ ನಮ್ಮ ಕಡೆಯದು ಏನು ಇಡುತ್ತೀ ಅಂತಲೂ ಕೇಳಿದರಂತೆ. ಇವಳು ಆಡಿನ ಚಕ್ಕಾ, ಕಟಕ ರೊಟ್ಟಿ, ಸೀತನಿ ಅಂದಳಂತೆ. "ಎಲ್ಲಿ ಕಲಿತೆ?" ಅಂದರೆ, "ನಮ್ಮ ಅಜ್ಜಿಯ ಹಿತ್ತಲದಾಗ" ಅಂದಳಂತೆ. ಕಾಶಮ್ಮ ಇದನ್ನು ಕೇಳಲು ಇರಬೇಕಿತ್ತು. ಹೆಲೆನ್‌ಬಾಯಿ ಬಿಟ್ಟುಹೋದ ಆ ಹಸಿರು ಬಾಟಲಿಯಲ್ಲಿ ಆಕೆ ಕೊನೆಯವರೆಗೂ ಕುಸುಬಿ ಎಣ್ಣೆ ತುಂಬಿಡುತ್ತಿದ್ದಳು. ಅದನ್ನು ತೊಳೆದು ಸುವರ್ಣಾಳಿಗೆ ಕೊಟ್ಟಿದ್ದೇನೆ.

ಹೋದ ವಾರ ಅವಳು ರಜೆಗೆ ಬಂದಳು. "ಅಜ್ಜಾ, ಇವತ್ತ ನೀ ಒಲಿ ಮುಂದ ಬರಬ್ಯಾಡ" ಅಂದು ನನ್ನನ್ನು ಕೂಡಿಸಿ, ತಾನೇ ಅಡಿಗೆ ಮಾಡಿ ಬಡಿಸಿದಳು. ಉಂಡೆ. "ಬಾಳ ಚಲೋ ಆಗ್ಯಾದ ನನ್ನವ್ವ" ಅಂದೆ. ಅವಳು ನನ್ನ ಮುಖ ನೋಡಲಿಲ್ಲ. ತಾಟು ಎತ್ತಿ, ಬಟ್ಟಲು ಸರಿಸಿ ಕೆಳಗೆ ನೋಡಿದಳು. ಆಮೇಲೆ ಮೂಲೆಗೆ ಹೋಗಿ, ಹರವಿಯ ಮುಚ್ಚಳ ತೆಗೆದು ಬಗ್ಗಿ ನೋಡಿದಳು.